ಚೆಕ್‌ರೋಲಿನ ಕೊನೆಯ ಎರಡು ಹೆಸರು

ಪುಸ್ತಕದಲ್ಲಿ ಹೆಸರಿದ್ದರೆ ಮನುಷ್ಯ ಕಳೆದುಹೋಗುವುದಿಲ್ಲ ಎಂದು ವಸಂತಮ್ಮ ನಲವತ್ತು ವರ್ಷ ನಂಬಿದ್ದಳು. ನಂಬದೆ ಇನ್ನೇನು ಮಾಡಿಯಾಳು? ಲಂಕೆಯ ಟೀ ತೋಟದಲ್ಲಿ ಹುಟ್ಟಿದವಳು. ಏಳು ವರ್ಷದವಳಿದ್ದಾಗ ಅಲ್ಲಿ ಗಲಭೆ ಎದ್ದಿತು. ಅಪ್ಪ ಅಮ್ಮ ಹಿಂದೆಯೇ ಉಳಿದರು. ಇವಳು ಹನ್ನೆರಡು ವರ್ಷದ ಅಣ್ಣನ ಕೈ ಹಿಡಿದು ಹಡಗಿನಿಂದ ಈ ದಡಕ್ಕೆ ಇಳಿದಳು. ನಿರಾಶ್ರಿತರ ಕ್ಯಾಂಪಿನಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಅಣ್ಣನನ್ನು ಆಚೆ ಸಾಲಿಗೆ ತಳ್ಳಿದರು, ಸಂಜೆಗೆ ಆ ಸಾಲನ್ನೇ ಬಸ್ಸಿಗೆ ತುಂಬಿ ಕಳಿಸಿದರು. ಆಮೇಲೆ ಕೇಳಿದರೆ ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲವಂತೆ. ಹುಡುಗ ಹುಟ್ಟೇ ಇರಲಿಲ್ಲವೇನೋ ಎಂಬ ಹಾಗೆ!

ಕೂಲಿ ಗುಂಪಿನೊಂದಿಗೆ ಬಾಳೂರಿನ ಕಾಫಿ ಎಸ್ಟೇಟಿಗೆ ಬಂದ ವಸಂತಮ್ಮ ಕನ್ನಡ ಕಲಿತಳು, ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು. ಈಗ ಎಸ್ಟೇಟಿನ ಆಯಾ. ದೊಡ್ಡವರು ಹಣ್ಣು ಕೊಯ್ಯಲು ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕೆಲಸ.

ಮಣಿಪುರದ ಬೆಟ್ಟಗಳಲ್ಲಿ ಹೊಡೆದಾಟ ಶುರುವಾದ ವರ್ಷ ಅವಳ ಕೈಗೆ ಎರಡು ಮಕ್ಕಳು ಬಂದವು. ಹನ್ನೊಂದರ ಹುಡುಗಿ ಹೋಯಿನು, ಅವಳ ಎಂಟರ ತಮ್ಮ ಥಾಂಗ್ಬೊಯ್. ಊರು ಸುಟ್ಟ ದಿನ ಅಪ್ಪ ಅಮ್ಮ ಒಂದು ದಿಕ್ಕಿಗೆ ಓಡಿದ್ದರು, ಮಕ್ಕಳು ಇನ್ನೊಂದು ದಿಕ್ಕಿಗೆ. ಕೆಲಸ ಹುಡುಕಿಕೊಂಡು ಹೊರಟ ಊರಿನವರು ಇವರನ್ನೂ ಕರೆತಂದಿದ್ದರು. ತಮ್ಮ ಅಕ್ಕನ ಅಂಗಿಯ ತುದಿಯನ್ನು ಬಿಡುತ್ತಲೇ ಇರಲಿಲ್ಲ. ಅವಳು ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕಾಯುತ್ತಿದ್ದ.

ತಾಯಿ ಹುಡುಕಿಕೊಂಡು ಬಂದರೆ ಇಬ್ಬರೂ ಒಟ್ಟಿಗೇ ಸಿಗಬೇಕು. ವಸಂತಮ್ಮನದು ಅದೊಂದೇ ಹಠ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಂದ್ರಶೇಖರನ ಮುಂದೆ ಹೋಗಿ ನಿಂತಳು. ಅಲ್ಲಿದ್ದ ಪುಸ್ತಕವೆಂದರೆ ದಿನಾ ಹಾಜರಿ ಹಾಕುವ ಚೆಕ್‌ರೋಲ್.

"ಇದ್ರಲ್ಲಿ ಬರೀರಿ ಮಾರಾಯ್ರೆ, ಎರಡೂ ಹೆಸ್ರು ಒಟ್ಟಿಗೆ."

"ಇದು ಕೆಲ್ಸದವ್ರ ಪುಸ್ತಕ ವಸಂತಮ್ಮ. ಮಕ್ಳನ್ನ ಬರೆಯೋ ಹಾಗಿಲ್ಲ."

"ನಾಳೆ ಇವ್ರಮ್ಮ ಬಂದು ಕೇಳಿದ್ರೆ ಏನು ತೋರಿಸ್ತೀರಿ, ನಿಮ್ಮ ಮುಖಾನಾ?"

ಚಂದ್ರಶೇಖರ ಒಳ್ಳೆಯವನು. ಒಳ್ಳೆಯವರ ಕೈಯಲ್ಲೇ ಎಡವಟ್ಟು ಜಾಸ್ತಿ. ಪುಟದ ಕೊನೆಯಲ್ಲಿ ಎರಡು ಹೆಸರು ಬರೆದ.

ತಿಂಗಳೊಳಗೆ ಕಾರ್ಮಿಕ ಇಲಾಖೆಯ ತಪಾಸಣೆಯ ಜೀಪು ಬಂತು. ಅಧಿಕಾರಿ ಪುಟ ತಿರುವಿದರು, ಮಕ್ಕಳ ವಯಸ್ಸು ಕೇಳಿದರು, ಬಾಲಕಾರ್ಮಿಕರು ಎಂದು ಬರೆದುಕೊಂಡರು. ಊರು ಉರಿದಾಗ ಈ ಮಕ್ಕಳ ಕಡೆ ಒಬ್ಬ ಅಧಿಕಾರಿಯೂ ತಿರುಗಿ ನೋಡಿರಲಿಲ್ಲ. ರೈಲಿನ ನೆಲದಲ್ಲಿ ಮಲಗಿ ದೇಶದ ಆ ತುದಿಯಿಂದ ಈ ತುದಿಗೆ ಬಂದಾಗಲೂ ಯಾರಪ್ಪಾ ನೀವು ಎಂದು ಯಾರೂ ಕೇಳಿರಲಿಲ್ಲ. ಈಗ ನೋಡಿ, ಕಾನೂನಿಗೆ ಎಚ್ಚರವಾಯಿತು!

"ಹುಡ್ಗಿನ ಹೆಣ್ಮಕ್ಕಳ ಬಾಲಮಂದಿರಕ್ಕೆ ಬಿಡ್ತೀವಿ. ಹುಡ್ಗನ್ನ ಗಂಡ್ಮಕ್ಕಳದಕ್ಕೆ, ಅದು ಪಕ್ಕದ ಜಿಲ್ಲೇಲಿದೆ," ಎಂದರು ಅಧಿಕಾರಿ.

ವಸಂತಮ್ಮ ಮಕ್ಕಳಿಗೆ ಅಡ್ಡ ನಿಂತಳು. "ತಪ್ಪು ನಂದು ಸಾರ್, ಬರೆಸಿದ್ದು ನಾನು. ನನ್ನ ಜೈಲಿಗೆ ಹಾಕಿ. ಇವ್ರನ್ನ ಮಾತ್ರ ಒಂದೇ ಕಡೆ ಇಡಿ."

"ನಿಯಮ ಹಾಗಿದೆಯಮ್ಮ. ನಾನೇನು ಮಾಡ್ಲಿ?"

"ನಾನು ಹುಡ್ಗಿಯಾಗಿದ್ದಾಗ್ಲೂ ಇದೇ ನಿಯಮ ಇತ್ತು ಸಾರ್. ನನ್ನಣ್ಣ ಇನ್ನೂ ಬಂದಿಲ್ಲ!"

ಅಧಿಕಾರಿ ಜೀಪಿನಲ್ಲಿದ್ದ ಪೊಲೀಸಿನವನನ್ನು ಕರೆದರು. ಅಕ್ಕನ ಅಂಗಿ ಹಿಡಿದಿದ್ದ ಹುಡುಗನ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿದ.

ಅಂದಿನಿಂದ ವಸಂತಮ್ಮ ಒಂದು ಭಾನುವಾರ ಕೊಟ್ಟಿಗೆಹಾರದಲ್ಲಿ ಬಸ್ಸು ಹಿಡಿದು ಅಕ್ಕನ ಹತ್ತಿರ, ಮರುಭಾನುವಾರ ತಮ್ಮನ ಹತ್ತಿರ ಹೋಗುತ್ತಾಳೆ. ಅವನೀಗ ಯಾರ ಅಂಗಿಯನ್ನೂ ಹಿಡಿಯುವುದಿಲ್ಲ. ಎರಡೂ ಕೈ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ.

ನಾಲ್ಕು ತಿಂಗಳ ಮೇಲೆ, ಮಕ್ಕಳನ್ನು ಕರೆತಂದವರಲ್ಲಿ ಒಬ್ಬಳು ಫೋನು ಹಿಡಿದು ಆಫೀಸಿನಲ್ಲಿದ್ದ ವಸಂತಮ್ಮನ ಹತ್ತಿರ ಓಡಿ ಬಂದಳು. ತಾಯಿ ಬದುಕಿದ್ದಳು. ಮಣಿಪುರದಲ್ಲೇ ಯಾವುದೋ ಪರಿಹಾರ ಶಿಬಿರದಲ್ಲಿದ್ದಳು. ಅವಳ ಮಾತನ್ನು ಈ ಹೆಂಗಸು ಹರುಕುಮುರುಕು ಕನ್ನಡದಲ್ಲಿ ಹೇಳಿದಳು: "ಅಮ್ಮ ಅಳಲ್ಲ. ಇಬ್ರು ಒಟ್ಟಿಗೆ ಇದಾರಾ, ಅಷ್ಟೇ ಕೇಳ್ತಾಳೆ."

ಆಫೀಸಿನ ಮೇಜಿನ ಮೇಲೆ ಚೆಕ್‌ರೋಲ್ ಇತ್ತು. ಅದರ ಹಳೆಯ ಪುಟದಲ್ಲಿ ಎರಡು ಹೆಸರೂ ಒಟ್ಟಿಗೇ ಇದ್ದವು.

"ಇಲ್ಲ ಅಂತ ಹೇಳು," ಎಂದಳು ವಸಂತಮ್ಮ. "ಇಲ್ಲಿಗೆ ಬಂದಾಗ ಒಟ್ಟಿಗಿದ್ರು. ಇವ್ರನ್ನ ಬೇರೆ ಮಾಡಿದ್ದು ನಿಮ್ಮೂರಿನ ಬೆಂಕಿ ಅಲ್ಲ, ನಾವು ಅಂತ ಹೇಳು."