ರುದ್ರಪ್ಪಣ್ಣನ ಫ್ಲಾಪಿ, ನಾನು ಅಳಿಸದ ಫೈಲು

ಕೊರೊನಾ ಲಾಕ್‌ಡೌನ್‌ಗಳು ಮುಗಿದ ಮರುವರ್ಷದ ಮಾತು. ದಾವಣಗೆರೆಯ ವಿನೋಬನಗರದಲ್ಲಿ ನಾನು ಡಿಟಿಪಿ ಮತ್ತು ಆಫ್‌ಸೆಟ್ ಮುದ್ರಣದ ಅಂಗಡಿ ಇಟ್ಟು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಲಗ್ನಪತ್ರಿಕೆ, ಬಿಲ್‌ಬುಕ್, ಪ್ಯಾಕೆಟ್ಟಿನ ಲೇಬಲ್ ನಮ್ಮ ದಿನನಿತ್ಯದ ಕೆಲಸ. ಗಿರಾಕಿಗಳು ಫೈಲ್ ತರುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಉಡುದಾರಕ್ಕೆ ಕಟ್ಟಿದ ಪೆನ್‌ಡ್ರೈವ್ ಬಿಚ್ಚಲು ಗೋಡೆಗೆ ಮುಖ ಮಾಡಿ ನಿಲ್ಲುವವರಿದ್ದರು. ಕಾಪಿ ಮಾಡಲು ಬಾರದೆ ಇಡೀ ಸಿಪಿಯುವನ್ನೇ ಆಟೊದಲ್ಲಿ ಕೂರಿಸಿಕೊಂಡು ಬಂದವರೂ ಇದ್ದರು.

ಪೆನ್‌ಡ್ರೈವ್‌ಗೂ ಹಿಂದಿನ ಕಾಲದ ಚಪ್ಪಟೆ ಫ್ಲಾಪಿ ಡಿಸ್ಕ್ ತರುತ್ತಿದ್ದವರು ಕೊನೆಗೆ ಉಳಿದದ್ದು ಒಬ್ಬರೇ, ರುದ್ರಪ್ಪಣ್ಣ. ಅವರ ಮನೆ ಹರಿಹರದಲ್ಲಿ, ಅಂಗಡಿ ಮಂಡಿಪೇಟೆಯಲ್ಲಿ. ತಾಯಿ ಶುರುಮಾಡಿದ ಶೇಂಗಾ ಚಟ್ನಿಪುಡಿಯ ವ್ಯಾಪಾರ. ಲೇಬಲ್ ಮೇಲೆ ತಾಯಿಯ ಮುಖ. ಆ ಫೋಟೊವನ್ನು ಮೊದಲ ಸಲ ಸ್ಕ್ಯಾನ್ ಮಾಡಿದವಳು ನಾನೇ. ಆಮೇಲೆ ಮೂಲ ಫೋಟೊ ಗೆದ್ದಲಿಗೆ ಹೋಯಿತು. ತಾಯಿಯದು ಬೇರೆ ಫೋಟೊ ಇರಲಿಲ್ಲ.

ಅವರದೊಂದು ಕಟ್ಟುನಿಟ್ಟಿನ ನಿಯಮ. ಕೆಲಸ ಮುಗಿದ ಕೂಡಲೇ ಫೈಲನ್ನು ಅವರ ಫ್ಲಾಪಿಗೆ ಹಾಕಬೇಕು, ನನ್ನ ಕಂಪ್ಯೂಟರಿನಿಂದ ಅವರ ಕಣ್ಣೆದುರೇ ಅಳಿಸಬೇಕು. ಹಿಂದೆ ಯಾವುದೋ ಪ್ರೆಸ್ಸಿನವರು ಅವರ ಲೇಬಲ್ಲನ್ನು ಎದುರಾಳಿಗೆ ಕೊಟ್ಟಿದ್ದರಂತೆ. "ನಮ್ಮವ್ವನ ಸೀರಿ ಮ್ಯಾಲೆ ಬ್ಯಾರೆಯವ್ವನ ತಲಿ ಕೂರ್ಸಿದ್ರು, ತಂಗಿ" ಎನ್ನುತ್ತಿದ್ದರು.

ನಾನು ಅಳಿಸುತ್ತಿದ್ದೆ. ಆದರೆ ನಮ್ಮಲ್ಲಿ ದಿನದ ಕೆಲಸವೆಲ್ಲ ತಾನಾಗಿಯೇ ಇನ್ನೊಂದು ಹಾರ್ಡ್‌ಡಿಸ್ಕಿಗೆ ನಕಲಾಗುವ ವ್ಯವಸ್ಥೆ ಇತ್ತು. ಬ್ಯಾಕಪ್ ಎನ್ನುವುದು ಇದನ್ನೇ. ನಾನು ಅಳಿಸಿದ್ದನ್ನು ನೋಡಿ ಅವರು ಸಮಾಧಾನದಿಂದ ಹೋಗುವಾಗ ಆ ಡಿಸ್ಕಿನಲ್ಲಿ ಪ್ರತಿ ಇರುವುದು ನನಗೆ ಗೊತ್ತಿರುತ್ತಿತ್ತು. ಹೇಳಲಿಲ್ಲ. ಅವರ ಒಳ್ಳೆಯದಕ್ಕೇ ಎಂದುಕೊಂಡಿದ್ದೆ.

ಆ ವರ್ಷ ಮಹಾನವಮಿ ಮುಗಿದ ವಾರ ಬಂದರು. ದೀಪಾವಳಿಗೆ ದೊಡ್ಡ ಪೌಚ್ ತರಬೇಕು, ಅದರ ಮೇಲೆ ತಾಯಿಯ ಮುಖ ಅಂಗೈಯಗಲ ಬರಬೇಕು. ಅವರೊಬ್ಬರಿಗಾಗಿಯೇ ಉಳಿಸಿಕೊಂಡಿದ್ದ ಫ್ಲಾಪಿ ಡ್ರೈವನ್ನು ಯುಎಸ್‌ಬಿಗೆ ಚುಚ್ಚಿ ಫ್ಲಾಪಿ ಹಾಕಿದೆ. ಡ್ರೈವ್ ಕರ್‌ಕರ್ ಎಂದು ನಿಂತಿತು. ಫ್ಲಾಪಿ ಹೊರತೆಗೆದು ಅದರ ತಗಡಿನ ಮುಚ್ಚಳ ಸರಿಸಿದೆ. ಮಾಹಿತಿ ಉಳಿಯುವ ಕಪ್ಪು ಬಿಲ್ಲೆ ಕೆಂಪಗಾಗಿತ್ತು.

"ಇದಕ್ಕೇನ್ ಹಚ್ಚಿದ್ರಿ?"

"ಆಯುಧಪೂಜೆ ಅಲ್ಲೇನವ್ವಾ? ತಕ್ಕಡಿಗೆ ಹಚ್ಚಿದ್ವಿ, ತಿಜೋರಿಗೆ ಹಚ್ಚಿದ್ವಿ. ಅವ್ವ ಇದ್ರೊಳಗೆ ಅದಾಳೆ, ಬರೇ ಮ್ಯಾಲೆ ಹಚ್ಚಿದ್ರೆ ಹೆಂಗೆ? ಆ ತಗಡು ಸರೀತೈತೆ ಅಂತ ಈ ಸಲ ಗೊತ್ತಾತು. ಒಳಗೇ ಹಚ್ಚಿದೆ."

ನಗು ಬಂತು, ನಗಲಿಲ್ಲ. ಇದು ಕೆಟ್ಟಿದೆ ಎಂದೆ. ಅವರು ಸ್ಟೂಲಿನ ಮೇಲೆ ಕುಳಿತರು. "ಹಳೇ ಪ್ಯಾಕೆಟ್ ನೋಡ್ಕಂಡು ಮಾಡಾಕೆ ಬರಲ್ವೇನು?"

ಹಳೆಯ ಪ್ಯಾಕೆಟ್ಟಿನ ಮೇಲೆ ಮುಖ ಹೆಬ್ಬೆರಳಿನ ಉಗುರಿನಷ್ಟಿತ್ತು. ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಮುದ್ರಣದ ಚುಕ್ಕೆಗಳು ಬಿಡಿಬಿಡಿಯಾಗಿ ಕಣ್ಣುಗಳು ಎರಡು ತೂತಿನಂತೆ ಕಂಡವು. "ಮುಚ್ಚವ್ವ ಅದನ್ನ" ಎಂದು ಅವರು ಆ ಕಡೆ ತಿರುಗಿದರು.

ಈ ಪ್ರಸಂಗವನ್ನು ನಾನು ಹತ್ತಾರು ಸಲ ಬೇರೆಯವರಿಗೆ ಹೇಳಿದ್ದೇನೆ. ಆ ಕ್ಷಣವೇ ನಿಜ ಒಪ್ಪಿಕೊಂಡೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನನಗೂ ಅದೇ ನೆನಪಾಗಿ ಕೂತಿದೆ. ನಡೆದದ್ದು ಹಾಗಲ್ಲ. ಅವರನ್ನು ಚಹಾ ಕುಡಿದು ಬರಲು ಕಳಿಸಿದೆ. ಬ್ಯಾಕಪ್ ಡಿಸ್ಕಿನಲ್ಲಿ ಫೈಲ್ ಸಿಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವರು ಬಂದಾಗ, ಫ್ಲಾಪಿಯನ್ನು ಹತ್ತಿಯಿಂದ ಒರೆಸಿದೆ, ಬಂತು ಎಂದು ಸುಳ್ಳು ಹೇಳಿದೆ.

ಪರದೆಯ ತುಂಬ ತಾಯಿಯ ಮುಖ. ರುದ್ರಪ್ಪಣ್ಣ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಅವರ ಗೆಲುವು ನೋಡಬೇಕಿತ್ತು.

"ನೋಡಿದ್ಯಾ? ಪೆನ್‌ಡ್ರೈವ್ ತಗಳ್ರಿ, ಪೆನ್‌ಡ್ರೈವ್ ತಗಳ್ರಿ ಅಂತ ತಲಿ ತಿಂದಿ. ಕುಂಕುಮ ಹಚ್ಚಿದ್ರೂ ಜಗ್ಗಲಿಲ್ಲ! ಇನ್ನ ಇಪ್ಪತ್ತು ವರ್ಷ ತಡೀತೈತಿದು." ನಾನು ಪೌಚಿಗೆ ಮುಖ ಕೂರಿಸಿ ಮುದ್ರಣಕ್ಕೆ ಫಿಲ್ಮ್ ತೆಗೆದದ್ದಾದ ಮೇಲೆ ಅವರು ಫ್ಲಾಪಿಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟರು. "ಇನ್ನ ಅಳಿಸು, ತಂಗಿ."

ನನ್ನ ಬೆರಳು ಡಿಲೀಟ್ ಕೀ ಮೇಲಿತ್ತು. ಏನೂ ಇಲ್ಲದ ಫ್ಲಾಪಿಯಲ್ಲಿ ತಾಯಿ ಇದ್ದಾಳೆಂದು ನಂಬಿ ಈ ಮನುಷ್ಯ ಹರಿಹರಕ್ಕೆ ಹೋಗುತ್ತಾರೆ. ನಾಳೆ ನಾನು ಅಂಗಡಿ ಮುಚ್ಚಿದರೆ ಉಳಿದ ಒಂದೇ ಪ್ರತಿ ಎಲ್ಲಿದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ.

"ರುದ್ರಪ್ಪಣ್ಣಾ, ಅದ್ರಾಗೆ ಏನೂ ಇಲ್ರಿ. ಇದು ನನ್ನ ಹತ್ರ ಇದ್ದಿದ್ದು."

"ನಿನ್ನ ಹತ್ರ ಯಾಕ ಐತೆ? ನನ್ನ ಮುಂದೇ ಅಳಿಸ್ತಿದ್ಯಲ್ಲ?"

"ಇಲ್ಲಿಂದ ಅಳಿಸ್ತಿದ್ದೆ. ಇನ್ನೊಂದು ಕಡೆ ಉಳೀತಿತ್ತು. ನಂಗೆ ಗೊತ್ತಿತ್ತು."

"ಎಷ್ಟು ವರ್ಷದಿಂದ?"

"ಮೊದಲ್ನಿಂದ."

ಬ್ಯಾಕಪ್ ಏಕೆ ಬೇಕೆಂದು ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ನೀನು ಇಟ್ಕಂಡಿದ್ದಕ್ಕೆ ನಮ್ಮವ್ವ ಉಳದ್ಲು, ಅದು ಖರೆ. ನಂಗೆ ಹೇಳದೇ ಇಟ್ಕಂಡಿದ್ದಕ್ಕೆ ನನ್ನ ಪಾಲಿಗೆ ನೀನು ಉಳೀಲಿಲ್ಲ."

ಎರಡು ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಎರಡನ್ನೂ ತೆರೆದು ತೋರಿಸಿದೆ. ಒಂದು ಮಂಡಿಪೇಟೆಗೆ, ಒಂದು ಹರಿಹರಕ್ಕೆ ಎಂದು ತೆಗೆದುಕೊಂಡರು. ನನ್ನ ಡಿಸ್ಕಿನದನ್ನೂ ಅಳಿಸಲು ಹೇಳಿದರು. ಮೂರನೆಯ ಪ್ರತಿ ಬೇರೆ ಕಡೆ ಇರುವುದು ಒಳ್ಳೆಯದು ಎಂದು ಒಮ್ಮೆ ಹೇಳಿದೆ. "ಅಳಿಸು" ಎಂದರು. ಪೌಚ್ ಮುದ್ರಣ ಮುಗಿದ ದಿನ ಡಿಸ್ಕನ್ನು ಕೌಂಟರಿನ ಮೇಲೆ ಅವರೆದುರು ಇಟ್ಟು ಅಳಿಸಿದೆ. ಈ ಸಲ ಬೇರೆಲ್ಲೂ ಇರಲಿಲ್ಲ. ಮರುವರ್ಷ ಅವರು ಕೆಲಸವನ್ನು ಬೇರೆ ಪ್ರೆಸ್ಸಿಗೆ ಕೊಟ್ಟರು. ಹರಿಹರದ ಅಂಗಡಿಯೊಂದರಲ್ಲಿ ಆ ಪ್ರೆಸ್ಸಿನವರು ಮುದ್ರಿಸಿದ ಪೌಚ್ ನೋಡಿದೆ. ಮುಖ ಚೆನ್ನಾಗಿಯೇ ಬಂದಿತ್ತು.

ಫ್ಲಾಪಿಯ ಕಾಲ ಮುಗಿದಿದೆ ಎಂಬ ನನ್ನ ಮಾತು ಸರಿಯೇ, ಈಗಲೂ ಹೇಳುತ್ತೇನೆ. ಆದರೆ ರುದ್ರಪ್ಪಣ್ಣ ಅದನ್ನು ಬಿಡದೆ ಹಿಡಿದದ್ದು ಗೊತ್ತಿಲ್ಲದೆ ಎಂದು ನಾನು ತಿಳಿದಿದ್ದೆ. ಒಮ್ಮೆ ಕಳುವಾದ ಮನೆಗೆ ಅವರು ಹಾಕಿಕೊಂಡ ಬೀಗ ಅದು. ಆ ಬೀಗದ ಇನ್ನೊಂದು ಕೀಲಿಕೈ ನಾನು ಅವರಿಗೆ ತಿಳಿಸದೆ ಮಾಡಿಸಿಕೊಂಡಿದ್ದೆ.

ಈಗ ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳುತ್ತೇನೆ: ನಿಮ್ಮ ಫೈಲ್ ನಮ್ಮಲ್ಲಿ ಇರಲೋ ಬೇಡವೋ. ಬೇಡ ಎಂದವರದನ್ನು ಎಲ್ಲ ಕಡೆಯಿಂದಲೂ ಅಳಿಸುತ್ತೇನೆ. ಕಳೆದ ತಿಂಗಳು ಅಂಥವರೊಬ್ಬರು ಪೆನ್‌ಡ್ರೈವ್ ಕಳೆದುಕೊಂಡು ಬಂದರು. "ಎಲ್ಲೋ ಒಂದು ಕಾಪಿ ಇಟ್ಟಿರ್ತೀರಿ, ನೋಡ್ರಿ ಅಕ್ಕಾರೆ" ಎಂದು ನಕ್ಕರು. ಇಲ್ಲ ಎಂದೆ. ಅವರ ನಗು ನಿಲ್ಲುವುದನ್ನು ನೋಡುತ್ತ, ಇಲ್ಲ ಎಂದು ಇನ್ನೊಮ್ಮೆ ಹೇಳಿದೆ.