ಒಂದು ಕಿವಿಯ ಡಾಕ್ಟ್ರು

ಬೊಮ್ಮಿಗೆ ಹುಚ್ಚು ಹಿಡಿದಿರಲಿಲ್ಲ. ನನ್ನ ಮಗ ಮಾದೇವ ಅವಳನ್ನು ಹೊಗೆಸೊಪ್ಪಿನ ಕೋಣೆಗೆ ಕೂಡಿ ಬೀಗ ಹಾಕಿದ. ನಾನು ನೋಡಿಯೂ ಬೀಗ ತೆಗೆಯಲಿಲ್ಲ. ನಡೆದದ್ದು ಇಷ್ಟೇ. ಊರಿನವರು ಇದಕ್ಕೆ ಗಾಳಿ, ದೆವ್ವ ಅಂತ ಏನೇನೋ ಸೇರಿಸಿದರು. ಏನೂ ಸೇರಿಸದವರು ಒಬ್ಬರೇ, ನಮ್ಮ ಮುಂದಿನ ಕೋಣೆಗೆ ಪ್ರತಿ ಗುರುವಾರ ಬರುತ್ತಿದ್ದ ಮನಸ್ಸಿನ ಡಾಕ್ಟ್ರು. ಅವರಿಗೆ ಬಲಗಿವಿ ಚೂರೂ ಕೇಳಿಸುತ್ತಿರಲಿಲ್ಲ.

ಕೇಳುವುದೇ ಕಸುಬು, ಇರುವುದು ಒಂದೇ ಕಿವಿ. ಮೊದಲು ನನಗೆ ನಗು ಬಂದಿತ್ತು. ಎಪ್ಪತ್ತು ದಾಟಿದ ಮನುಷ್ಯ. ಮೈಸೂರಿಂದ ಪಿರಿಯಾಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಇನ್ನೊಂದು. ಬಂದವರನ್ನು ಮಂಚದ ಮೇಲೆ ಮಲಗಿಸಿ, ತಾವು ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಎಡಗಿವಿ ಕೊಟ್ಟು ಕೂರುವರು. ಮಲಗಿದವರಿಗೆ ಡಾಕ್ಟ್ರು ಕಾಣುತ್ತಿರಲಿಲ್ಲ, ನಾನು ಬೀಜಕ್ಕೆಂದು ತೊಲೆಗೆ ಕಟ್ಟಿದ್ದ ಜೋಳದ ತೆನೆ ಕಾಣುತ್ತಿತ್ತು. "ತೋಚಿದ್ದು ಹೇಳಿ, ಚೆಂದ ಮಾಡಬೇಡಿ" ಅನ್ನುವರು. ಆಮೇಲೆ ಆಗೊಮ್ಮೆ ಈಗೊಮ್ಮೆ "ಹೂಂ, ಆಮೇಲೆ?" ಅಷ್ಟೇ. ಇದಕ್ಕೆ ಮನೋವಿಶ್ಲೇಷಣೆ ಅನ್ನುತ್ತಾರಂತೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಆ ಮಾತು ನನ್ನ ಬಾಯಲ್ಲಿ ನಿಲ್ಲುವುದಕ್ಕೆ ಒಂದು ತಿಂಗಳು ಹಿಡಿಯಿತು.

ಕಸ ಗುಡಿಸುವ ನೆವದಲ್ಲಿ ಬಾಗಿಲಿಗೆ ಕಿವಿ ಕೊಟ್ಟವಳೇ ನಾನೂ. ಒಂದು ದಿನ ಡಾಕ್ಟ್ರು ಹೊರಗೆ ಬಂದು, "ಚನ್ನಾಜಮ್ಮನವರೇ, ನಿಮಗೆ ಎರಡು ಕಿವಿ ಇದೆ. ಈ ಕೋಣೆಗೆ ನನ್ನದೊಂದೇ ಸಾಕು" ಅಂದರು. ಒಳಗೆ ಆಡಿದ ಮಾತು ಅವರ ಬಾಯಿಂದ ಹೊರಗೆ ಬಂದದ್ದಿಲ್ಲ. ನಾನೂ ಕೆದಕಿ ನೋಡಿದೆ, ಬರಲಿಲ್ಲ.

ಬೊಮ್ಮಿ ಕಾಡಂಚಿನ ಹಾಡಿಯವಳು, ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ನೆನೆದ ಸೊಪ್ಪು ಮುರಿದರೆ ಅದರ ರಸ ಮೈಗಿಳಿದು ತಲೆ ಸುತ್ತುತ್ತೆ, ವಾಂತಿಯಾಗುತ್ತೆ. ನನಗೂ ಆಗಿದೆ. ಅವತ್ತು ಬೆಳಿಗ್ಗೆ ಮಳೆ ನಿಂತಿತ್ತಷ್ಟೆ, ಅವಳು, "ನೀರು ಆರೋಗಂಟ ಮುರಿಯಲ್ಲ ಗೌಡ್ರೇ" ಅಂದಳು. ಮಿಕ್ಕ ಹೆಂಗಸರೂ ಬದುವಿನ ಮೇಲೆ ಕೂತುಬಿಟ್ಟರು. ಮಾದೇವನಿಗೆ ಅವತ್ತೇ, ಬೆಂಕಿ ಹಾಕಿ ಒಣಗಿಸುವ ಬ್ಯಾರನ್ನಿಗೆ ಸೊಪ್ಪು ಏರಿಸಬೇಕಿತ್ತು. ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಸೊಪ್ಪಿನ ಕೋಣೆಗೆ ತಳ್ಳಿ, ಬೀಗದ ಕೈಯನ್ನು ನನ್ನ ಅಡುಗೆಮನೆಯ ಮೊಳೆಗೆ ಸಿಕ್ಕಿಸಿ ಹೋದ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಬಾಗಿಲು ಬಡಿದಳು. ಮಧ್ಯಾಹ್ನಕ್ಕೆ ಬಡಿಯುವುದು ನಿಂತಿತು. ದನ ಮನೆಗೆ ಬರುವ ಹೊತ್ತಿಗೆ ಮಾದೇವ ಬಾಗಿಲು ತೆಗೆದ. ಹೊರಗೆ ಬಂದ ಬೊಮ್ಮಿ ಯಾರ ಹತ್ತಿರವೂ ಒಂದು ಮಾತಾಡಲಿಲ್ಲ. ಗಂಡನ ಹತ್ತಿರವೂ ಇಲ್ಲ.

ಗಂಡ ಅವಳನ್ನು ಡಾಕ್ಟ್ರ ಹತ್ತಿರ ಕರೆತಂದ. ನಮ್ಮ ಗೇಟಿನ ಹತ್ತಿರವೇ ಅವಳ ಕಾಲು ನಿಂತುಹೋಯಿತು. ಡಾಕ್ಟ್ರು ನೋಡಿದರು. ಯಾಕೆ ಏನು ಅನ್ನಲಿಲ್ಲ. ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಗೇಟಿನಾಚೆ ಹೊಂಗೆಮರದ ಕೆಳಗೆ ಹಾಕಿ ಕೂತರು. ಅವಳು ನೆಲದ ಮೇಲೆ. ಮುಕ್ಕಾಲು ಗಂಟೆಯ ಮೇಲಾಯಿತು, ಇಬ್ಬರೂ ಪಿಟ್ಟೆನ್ನಲಿಲ್ಲ. ಹೀಗೇ ಐದು ಗುರುವಾರ.

"ಅವಳು ಮಾತಾಡಲ್ಲ, ನೀವೂ ಮಾತಾಡಲ್ಲ. ಇದೆಂಥ ವೈದ್ಯ ಡಾಕ್ಟ್ರೇ?"

"ಅವಳು ಸುಮ್ಮನಿರೋದನ್ನೂ ಕೇಳಿಸ್ಕೋಬೇಕಮ್ಮ."

"ಒಂದು ಕಿವೀಲೇ?"

"ಅದಕ್ಕೇ ಹತ್ತಿರ ಕೂರ್ತೀನಿ" ಅಂದರು.

ಆರನೇ ಗುರುವಾರ ಬೊಮ್ಮಿ ಬಾಯಿಬಿಟ್ಟಳು. ಏನಂದಳೋ ನನಗೆ ಕೇಳಿಸಲಿಲ್ಲ. ಆ ವಾರವೇ ಗಂಡನ ಜೊತೆ ಹೋಗಿ ಸ್ಟೇಷನ್ನಿನಲ್ಲಿ ದೂರು ಕೊಟ್ಟಳು. ನೋಡಿದವರು ಯಾರು ಅಂತ ಪೊಲೀಸರು ಬಂದು ಕೇಳಿದರು. ಬದುವಿನ ಮೇಲೆ ಕೂತಿದ್ದ ಹೆಂಗಸರು ತಲೆ ತಗ್ಗಿಸಿದರು, ನಾಳೆ ಅದೇ ಹೊಲಕ್ಕೆ ಬರಬೇಕಲ್ಲ. ನಾನು ಒಳಗೇ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ಗುರುವಾರ ಮಾದೇವ ಡಾಕ್ಟ್ರ ಮುಂದೆ ನಿಂತ. "ಅವಳಿಗೆ ತಲೆ ಕೆಟ್ಟದೆ ಅಂತ ಒಂದು ಚೀಟಿ ಬರ್ಕೊಡಿ ಸಾರ್. ಅಲ್ಲಿಗೆ ಮುಗೀತದೆ."

"ಕೆಟ್ಟಿಲ್ಲ ಅಂತ ಬೇಕಾದ್ರೆ ಬರೆದುಕೊಡ್ತೀನಿ."

"ಅಂಗಾದ್ರೆ ನಾಳೆಯಿಂದ ಈ ರೂಮು ನಿಮಗಿಲ್ಲ, ಬುಡಿ."

ಡಾಕ್ಟ್ರು ಛತ್ರಿ ತಗೊಂಡು ನೆಟ್ಟಗೆ ಡೈರಿಗೆ ನಡೆದರು. ಸಂಜೆ ಹಾಲು ಹಾಕುವ ಹೊತ್ತು, ಅರ್ಧ ಊರು ಕ್ಯಾನು ಹಿಡಿದು ಸಾಲಲ್ಲಿತ್ತು. ನಾನೂ ಇದ್ದೆ. ಅಲ್ಲಿಯವರೆಗೆ ಅವರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. "ಬೊಮ್ಮಿ ನನಗೆ ಹೇಳಿದ್ದು ಅವಳದು, ಅದನ್ನ ಅವಳೇ ಹೇಳ್ತಾಳೆ. ಅವಳಿಗೆ ಹುಚ್ಚಿಲ್ಲ ಅನ್ನೋದನ್ನ ಅವಳ ಒಪ್ಪಿಗೆ ತಗೊಂಡು ನಾನು ಹೇಳ್ತಿದ್ದೀನಿ. ಯಾರು ಕರೆದರೂ ಬಂದು ಹೇಳ್ತೀನಿ."

ಸಾಲಿನಲ್ಲಿ ಒಬ್ಬ, "ಡಾಕ್ಟ್ರೇ, ಒಂದು ಕಿವೀಲಿ ಕೇಳಿದ್ರೆ ಅರ್ಧ ತಾನೇ ಕೇಳ್ಸೋದು?" ಅಂದ. ನಾಲ್ಕು ಜನ ನಕ್ಕರು.

"ಹೌದಪ್ಪ, ಅರ್ಧಾನೇ. ಇನ್ನರ್ಧ ನಿಮ್ಮ ಹತ್ರ ಇದೆ."

ನಕ್ಕವರು ಕ್ಯಾನು ಎತ್ತಿಕೊಂಡು ಸಾಲಲ್ಲಿ ಮುಂದೆ ಸರಿದರು.

ಬಸ್ಸಿಗೆ ಕಾಯುತ್ತಿದ್ದಾಗ ಅವರ ಪಕ್ಕ ಹೋಗಿ ನಿಂತೆ, ಎಡಗಡೆಗೆ. "ಡಾಕ್ಟರಾದವನು ಬಾಯಿ ಮುಚ್ಕೊಂಡು ಕೇಳಬೇಕು ಅಂತಿದ್ರಿ. ಇವತ್ತೇನಾಯ್ತು ನಿಮಗೆ?"

"ಒಳಗೆ ಎಲ್ಲಾ ಕೇಳಿಸ್ಕೊಂಡು, ಹೊರಗೆ ಏನೂ ಗೊತ್ತಿಲ್ಲದವನ ಹಾಗೆ ಬಸ್ಸು ಹತ್ತೋಕೆ ಆಗಲಿಲ್ಲಮ್ಮ." ನನ್ನ ಕಡೆ ತಿರುಗಿ, "ಅವತ್ತು ನೀವೆಲ್ಲಿದ್ರಿ?" ಅಂದರು. ಅಷ್ಟು ದಿನದಲ್ಲಿ ನನ್ನನ್ನು ಕೇಳಿದ ಒಂದೇ ಪ್ರಶ್ನೆ.

"ಅಡುಗೆಮನೇಲಿ."

"ಹೂಂ, ಆಮೇಲೆ?"

ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕ ಕೂತು, ತಮ್ಮ ಕೇಳಿಸುವ ಕಿವಿಯನ್ನು ನನ್ನ ಕಡೆಗೇ ಇಟ್ಟುಕೊಂಡಿದ್ದರು, ಬಸ್ಸು ಹೊರಡುವವರೆಗೂ. ಮತ್ತೆ ನಮ್ಮೂರಿಗೆ ಬರಲಿಲ್ಲ.

ಮಾರನೇ ಬೆಳಿಗ್ಗೆ ಹಾಲು ಕರೆದಿಟ್ಟು, ಮೊಳೆಯಲ್ಲಿದ್ದ ಬೀಗದ ಕೈ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ. "ಎಲ್ಲಿಗವ್ವಾ?" ಅಂದ ಮಾದೇವ. "ಸ್ಟೇಷನ್ನಿಗೆ" ಅಂದೆ. ಅವನು ಬಾಗಿಲಿಗೆ ಅಡ್ಡ ನಿಂತ. "ನನ್ನನ್ನೂ ಕೂಡ್ತೀಯೇನ್ಲಾ?" ಅಂದೆ. ಸರಿದ. ಪಿರಿಯಾಪಟ್ಟಣದಲ್ಲಿ ಪೊಲೀಸಿನವನು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಹೆಬ್ಬೆಟ್ಟಿಗೆ ಮಸಿಡಬ್ಬಿ ಮುಂದೆ ತಳ್ಳಿದ. ಪೆನ್ನು ಕೊಡಪ್ಪ ಅಂದೆ. ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಬರೆದೆ.