ಕಂಡಕ್ಟರನ ಬಾಣಂತನ

ನಾನು ಆಗ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದು ಕೊಡುತ್ತೇನೆ ಎಂಬ ಜಂಬ ನನಗಿತ್ತು. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಹಾಸನದ ಆಸ್ಪತ್ರೆಯಲ್ಲಿ ಹರ್ನಿಯ ಆಪರೇಷನ್ ಮಾಡಿಸಿಕೊಂಡು ಬಂದೆ, ಜಂಬ ಇಳಿಯಿತು. ಅಲುಗಾಡದ ಮನೆಯಲ್ಲೇ ನಿಲ್ಲಲಾಗುತ್ತಿರಲಿಲ್ಲ. ಚಾಪೆಯಿಂದ ಎದ್ದರೆ ಸಾಕು, ತಲೆ ಗಿರ್ರನೆ ತಿರುಗಿ ಗೋಡೆ ಹಿಡಿಯುತ್ತಿದ್ದೆ.

ಆಪರೇಷನ್ನಿಗೆ ಮುಂಚೆ ಡಾಕ್ಟರು ನನಗೆ ಬಿ.ಪಿ. ಇದೆಯೆಂದು ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟಿದ್ದರು. ತಪ್ಪೆಲ್ಲ ಆ ಮಾತ್ರೆಯದೇ ಎಂದು ನಾನು ರೇಗುತ್ತಿದ್ದೆ. ಅವ್ವ ಕೇಳಬೇಕಲ್ಲ. ಹೊತ್ತಿಗೆ ಸರಿಯಾಗಿ ಬಾಯಿಗೆ ಹಾಕಿ, ನುಂಗಲು ಒಂದೇ ಗುಟುಕು ಬಿಸಿನೀರು ಕೊಡುತ್ತಿದ್ದಳು. ಊರಿನವರಿಗೆಲ್ಲ ಬಾಣಂತನ ಮಾಡಿದ್ದ ಅವಳಿಗೆ ಗೊತ್ತಿದ್ದದ್ದು ಬಾಣಂತಿ ಪಥ್ಯ ಒಂದೇ. ತಲೆಗೆ ಬಟ್ಟೆ ಬಿಗಿದು, ಮೆಣಸಿನ ಸಾರು ಉಣಿಸಿ, ನೀರಿನ ತಂಬಿಗೆಯನ್ನು ನನ್ನ ಕೈಗೆ ಎಟುಕದಂತೆ ಇಟ್ಟಿದ್ದಳು.

“ಒಟ್ಟೆ ಕುಯ್ದವ್ರೆ ಕಣ್ಲಾ. ನೀರು ಕುಡುದ್ರೆ ಉಬ್ಕತದೆ.”

“ನಂಗೇನ್ ಕೂಸಾಗ್ಯದಾ?”

“ಕೂಸಾಗ್ದಿದ್ರೂ ಗಾಯ ಗಾಯಾನೇ ಕಣ.”

ಈ ನಡುವೆ ಬಸ್ಸಿನ ಮಾಲೀಕರು ಹೇಳಿಕಳಿಸಿದರು. ನಿಲ್ಲಲಾಗದಿದ್ದರೆ ಆಫೀಸಿನಲ್ಲೇ ಒಂದು ಕುರ್ಚಿ ಹಾಕಿಸುತ್ತಾರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅಳು ಬಂತು. ನನಗೆ ಕುರ್ಚಿ ಬೇಡ, ಬಸ್ಸು ಬೇಕಿತ್ತು.

ಗಾಯ ತೋರಿಸಲು ಅವ್ವನ ಜೊತೆ ಹಾಸನಕ್ಕೆ ಹೋದಾಗ ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತಾಗ ತುಂಬಾ ಇಳಿದುಹೋಗಿತ್ತು.

“ದಿನಕ್ಕೆ ಎಷ್ಟು ನೀರು ಕುಡೀತಾನಮ್ಮ?”

“ಎಲ್ಡೇ ಲೋಟ ಸಾ. ಅದೂ ಕಾಯ್ಸಿ ಆರ್ಸಿದ್ದು,” ಎಂದಳು ಅವ್ವ ಹೆಮ್ಮೆಯಿಂದ.

ಡಾಕ್ಟರು ನಕ್ಕೇಬಿಟ್ಟರು. ಆ ಮಾತ್ರೆಗೂ ಈ ಪಥ್ಯಕ್ಕೂ ಆಗಿಬರುವುದಿಲ್ಲ, ನೀರು ಸಾಲದೆ ಬಿ.ಪಿ. ಇನ್ನೂ ಇಳಿದು ತಲೆ ತಿರುಗುತ್ತದೆ ಎಂದು ವಿವರಿಸಿ, ಮಾತ್ರೆಯನ್ನು ದಿನಕ್ಕೆ ಒಂದಕ್ಕೆ ಇಳಿಸಿದರು. ಏಳುವಾಗ ಮೊದಲು ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲು ಎಂದರು. ಒಂದು ಹೂಜಿ ನೀರನ್ನೂ ತರಿಸಿದರು. ನಾನು ಗಟಗಟನೆ ಕುಡಿದೆ. ನಾನು ಲೋಟ ಇಡುತ್ತಲೇ ಅವ್ವ ಎತ್ತಿಕೊಂಡು ತಾನೂ ಒಂದು ಲೋಟ ಕುಡಿದಳು. ಇನ್ನೊಂದು ಕುಡಿದಳು. ಮತ್ತೊಂದು.

“ನಿಂಗ್ಯಾಕವ್ವ ಇಷ್ಟು ದಾಹ?”

“ಇಷ್ಟ್ ದಿನ ಮನೇಲಿ ನೀನು ಬಾಯಿ ಬುಟ್ಕಂಡು ನೋಡ್ತಿದ್ರೆ ನಾನು ಎಂಗ್ಲಾ ಕುಡೀಲಿ?”

ಅಷ್ಟು ದಿನ ಅವಳ ಮೇಲೆ ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ತಿಂಗಳಾದ ಮೇಲೆ ಬಸ್ಸು ಹತ್ತಿದೆ. ಅವ್ವ ತಂಬಿಗೆ ಹಿಡಿದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದಳು. ಬಾಣಂತಿ ಕಂಡಕ್ಟರ್ ಎಂದು ಜನ ಕಿಚಾಯಿಸಿದರು. ಸ್ವಲ್ಪ ದೂರ ಕಂಬಿ ಹಿಡಿದಿದ್ದೆ, ಆಮೇಲೆ ಮೆಲ್ಲಗೆ ಬಿಟ್ಟೆ. ತಲೆ ತಿರುಗಲಿಲ್ಲ. ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ಅವ್ವ ತಂಬಿಗೆ ಚಾಚಿದಳು. ನಾನು ಅರ್ಧ ಕುಡಿದು ಅವಳಿಗೇ ವಾಪಸ್ಸು ಕೊಟ್ಟೆ. ಅವಳು ಕುಡಿದು ಮುಗಿಸುವವರೆಗೆ ಸೀಟಿ ಊದಲಿಲ್ಲ.